ಕಥೆಯ ತಿರುವು: ಒಬ್ಬ ಯುವ ಕಥೆಗಾರನಿಗೆ ಪತ್ರ

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ತಲುಪಿತು. ಒಮ್ಮೆ ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದೆ. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಊರಿಗೆ ಬರುವ ತಮ್ಮ, ಬ್ಯಾಗಿನಲ್ಲಿ ಪಾಲುಪತ್ರ, ಜಗಲಿಯ ಮೇಲೆ ಬೆಳಗಿನ ತನಕ ಅಣ್ಣನ ಜೊತೆ ಮಾತು. ಕೊನೆಯ ಪ್ಯಾರಾದಲ್ಲಿ ಅಣ್ಣ ತೀರಿಕೊಂಡು ವರ್ಷವಾಯಿತು ಅಂತ ಗೊತ್ತಾಗುತ್ತದೆ. ಆ ಜಾಗದಲ್ಲಿ ನಾನು ನಿಜಕ್ಕೂ ಬೆಚ್ಚಿದೆ.

ಮತ್ತೆ ಓದುವಾಗ ಮಾತ್ರ ಸಿಟ್ಟು ಬಂತು. ನಾಲ್ಕನೇ ಪುಟದಲ್ಲಿ ಪಕ್ಕದ ಮನೆಯವರು ಬೇಲಿ ಹತ್ತಿರ ನಿಂತು 'ನಾಳೆ ಅಡಿಕೆ ಸುಲಿಯೋಕೆ ಜನ ಬರ್ತಾರಾ?' ಅಂತ ಅಣ್ಣನನ್ನು ಕೇಳುತ್ತಾರೆ. ಅಣ್ಣ ಉತ್ತರವನ್ನೂ ಕೊಡುತ್ತಾನೆ. ದೆವ್ವದ ಕಥೆಯಾಗಿದ್ದರೆ ಮಾತು ಬೇರೆ. ಆದರೆ ನೀನು ಬರೆದಿರುವುದು ತಮ್ಮನ ಮನಸ್ಸಿನಿಂದ ಇನ್ನೂ ಹೋಗದ ಅಣ್ಣನ ಕಥೆ. ಆ ಅಣ್ಣನ ಜೊತೆ ಪಕ್ಕದ ಮನೆಯವರು ಹೇಗೆ ಮಾತಾಡಿದರು?

ಕೆಲವು ಟ್ವಿಸ್ಟ್‌ಗಳನ್ನು ಓದುಗರು ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಇನ್ನು ಕೆಲವಕ್ಕೆ ಪುಸ್ತಕ ಎಸೆಯುತ್ತಾರೆ, ಯಾಕೆ ಅಂತ ಕೇಳಿದ್ದೀಯ. ನನಗೆ ಕಂಡ ಕಾರಣ ಇದು. ತಿರುವು ಬಂದ ಕೂಡಲೇ ಓದುಗ ಮುಂದಕ್ಕೆ ಹೋಗುವುದಿಲ್ಲ. ಮನಸ್ಸಿನಲ್ಲೇ ಹಿಂದಕ್ಕೆ ಓಡುತ್ತಾನೆ. ಓದಿದ್ದನ್ನೆಲ್ಲ ಹೊಸದಾಗಿ ತಡಕುತ್ತಾನೆ. ಅಲ್ಲಿ ಅವನಿಗೆ ಏನು ಸಿಗುತ್ತದೆ ಅನ್ನುವುದೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಪಾಠ ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'. 1926ರ ಕಾದಂಬರಿ. ನೀನಿನ್ನೂ ಓದಿಲ್ಲ ಅಂದರೆ ಈ ಪತ್ರ ಇಲ್ಲೇ ಮಡಿಚಿಟ್ಟು, ಅದನ್ನು ಓದಿ ಬಾ. ಯಾಕೆಂದರೆ ಗುಟ್ಟು ಹೇಳದೆ ನನಗೆ ಮುಂದೆ ಹೋಗೋಕಾಗುವುದಿಲ್ಲ. ಕಥೆ ಹೇಳುವವನು ಹಳ್ಳಿಯ ಡಾಕ್ಟರ್ ಶೆಪರ್ಡ್. ಕೆಲಸ ಬಿಟ್ಟು ತೋಟದಲ್ಲಿ ತರಕಾರಿ ಬೆಳೆಯಲು ಬಂದಿರುವ ಪತ್ತೇದಾರ ಪ್ವಾರೋ ಇವನ ಪಕ್ಕದ ಮನೆಯವನು. ಕೊಲೆ ಆದಮೇಲೆ ಡಾಕ್ಟರೇ ಅವನ ಜೊತೆಗಾರನಾಗಿ ತಿರುಗುತ್ತಾನೆ. ಕೊನೆಗೆ ನೋಡಿದರೆ, ಕೊಂದವನು ಈ ಡಾಕ್ಟರೇ.

ಕ್ರಿಸ್ಟಿ ಇದನ್ನು ಹೇಗೆ ಮಾಡಿದರು ಅನ್ನುವುದನ್ನು ಹತ್ತಿರದಿಂದ ನೋಡು. ಆ ರಾತ್ರಿ ಆಕ್ರಾಯ್ಡ್ ಕೈಗೆ ಟಪಾಲು ಬಂದದ್ದು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಅಂತ ಡಾಕ್ಟರ್ ಬರೆಯುತ್ತಾನೆ. ಅದರ ಮುಂದಿನ ವಾಕ್ಯದಲ್ಲೇ, ತಾನು ಹೊರಟಾಗ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು, ಕಾಗದ ಇನ್ನೂ ಓದದೆ ಹಾಗೇ ಇತ್ತು ಅನ್ನುತ್ತಾನೆ. ಬಾಗಿಲ ಹಿಡಿಕೆ ಮೇಲೆ ಕೈಯಿಟ್ಟು, ಮಾಡಬೇಕಾದ್ದು ಏನಾದರೂ ಬಾಕಿ ಉಳಿಯಿತಾ ಅಂತ ತಿರುಗಿ ನೋಡಿದೆ ಅಂತಲೂ ಸೇರಿಸುತ್ತಾನೆ. ಮೊದಲ ಸಲ ಓದುವಾಗ ಇದರಲ್ಲಿ ಏನೂ ಕಾಣುವುದಿಲ್ಲ. ಪಾಪ, ಜವಾಬ್ದಾರಿಯ ಮನುಷ್ಯ ಅನಿಸುತ್ತದೆ ಅಷ್ಟೆ. ಎರಡನೇ ಸಲ ಮೈ ಜುಮ್ ಅನ್ನುತ್ತದೆ. ಕೊಲೆ ನಡೆದದ್ದು ಆ ಹತ್ತು ನಿಮಿಷದಲ್ಲಿ, ಆ ಎರಡು ವಾಕ್ಯಗಳ ನಡುವೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಬಿಟ್ಟದ್ದು ಮಾತ್ರ ಭಯಂಕರ. ಕೊನೆಯ ಅಧ್ಯಾಯದಲ್ಲಿ ಡಾಕ್ಟರೇ ಆ ವಾಕ್ಯಗಳನ್ನು ಮತ್ತೆ ಎತ್ತಿ ತೋರಿಸಿ, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೇನೆ ಅಂತ ತನ್ನನ್ನೇ ಮೆಚ್ಚಿಕೊಳ್ಳುತ್ತಾನೆ.

ಆಗ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಇದು ಮೋಸ ಅಂದವರು ಬೇಕಾದಷ್ಟು ಜನ. ಓದುಗನ ಕೆಲಸವೇ ಎಲ್ಲರನ್ನೂ ಅನುಮಾನಿಸುವುದು ಅಂತ ಇನ್ನೊಬ್ಬ ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು. 1929ರಲ್ಲಿ ಅದೇ ಬಗೆಯ ಕಥೆ ಬರೆಯುತ್ತಿದ್ದ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಾಗ, ಯಾರ ಯೋಚನೆಗಳನ್ನು ಓದುಗ ಒಳಗಿನಿಂದ ಕೇಳಿದ್ದಾನೋ ಅವನು ಅಪರಾಧಿ ಆಗಕೂಡದು ಅನ್ನುವುದನ್ನು ಮೊದಲನೇ ನಿಯಮದಲ್ಲೇ ಸೇರಿಸಿದರು. (ಮೊದಲೇ ಸುಳಿವು ಕೊಡದೆ ಅವಳಿ-ಜವಳಿ ತರಬಾರದು ಅನ್ನುವುದು ಹತ್ತನೆಯದು. ನಮ್ಮ ಎಷ್ಟು ಸಿನಿಮಾಗಳಿಗೆ ಇದನ್ನು ಓದಿ ಹೇಳಬೇಕಿತ್ತು!) ನಾಕ್ಸ್ ಅವರ ಆ ಮೊದಲ ನಿಯಮವನ್ನು ನಾನು ಒಪ್ಪುವುದಿಲ್ಲ. ಹೇಳುವವನನ್ನೇ ಕಳ್ಳನನ್ನಾಗಿ ಮಾಡು, ಅಡ್ಡಿಯಿಲ್ಲ. ಅವನ ಕೈಯಿಂದ ಸುಳ್ಳು ಬರೆಸಬೇಡ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘದವರು ಮತ ಹಾಕಿ, ಈವರೆಗಿನ ಅತ್ಯುತ್ತಮ ಅಪರಾಧ ಕಾದಂಬರಿ ಅಂತ ಆರಿಸಿದ್ದು ಕ್ರಿಸ್ಟಿಯ ಈ ಕಾದಂಬರಿಯನ್ನೇ. ಗುಟ್ಟು ಊರಿಗೆಲ್ಲ ಗೊತ್ತಾದ ಮೇಲೂ ಜನ ಅದನ್ನು ಮತ್ತೆ ಮತ್ತೆ ಓದುತ್ತಾರೆ. ಎರಡನೇ ಓದಿಗೂ ಅದರಲ್ಲಿ ಏನೋ ಇದೆ, ಅಲ್ವಾ?

ಜನ ಕ್ಷಮಿಸದ ತಿರುವು ಬೇಕಾದರೆ ಅಮೆರಿಕದ 'ಡಲ್ಲಾಸ್' ಧಾರಾವಾಹಿ ನೋಡು. ಬಾಬಿ ಅನ್ನುವ ಪಾತ್ರ 1985ರಲ್ಲಿ ಸಾಯುತ್ತದೆ. ನೋಡುವವರು ಅತ್ತರು. ಅವನ ಮಾಜಿ ಹೆಂಡತಿಯ ದುಃಖದ ಜೊತೆ ಒಂದಿಡೀ ಸೀಸನ್ ಕಳೆದರು. 1986ರಲ್ಲಿ ಒಂದು ಬೆಳಗ್ಗೆ ಅವಳು ಎದ್ದು ನೋಡಿದರೆ ಬಾಬಿ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದಾನೆ. ಆ ಸೀಸನ್ ಪೂರ್ತಿ ಅವಳ ಕನಸಂತೆ! ಬಿಟ್ಟು ಹೋಗಿದ್ದ ನಟ ವಾಪಸ್ ಬಂದಿದ್ದ, ಅವನನ್ನು ಹೇಗಾದರೂ ಕಥೆಯೊಳಗೆ ತರಬೇಕಿತ್ತು. ಹಿಂದೆ ತಿರುಗಿದ ಪ್ರೇಕ್ಷಕನಿಗೆ ಅಲ್ಲಿ ಏನೂ ಸಿಗಲಿಲ್ಲ. ತಾನು ಅತ್ತದ್ದಕ್ಕೂ ಬೆಲೆ ಇಲ್ಲ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳು. ಸಸ್ಪೆನ್ಸ್ ಸಪ್ಪೆಯಾದರೆ ಓದುಗ ಮರೆತುಬಿಡುತ್ತಾನೆ. ತಾನು ಮನಸಾರೆ ಪಟ್ಟ ದುಃಖವನ್ನು ಕಸಿದುಕೊಂಡರೆ ಮರೆಯುವುದಿಲ್ಲ.

ಇನ್ನು ನಮ್ಮಲ್ಲಿಗೆ ಬಾ. ಅನಂತಮೂರ್ತಿಯವರ 'ಸಂಸ್ಕಾರ' ನೀನು ಓದಿದ್ದೀಯ, ಗೊತ್ತು. ಆಚಾರವನ್ನೆಲ್ಲ ಮುರಿದು ಬದುಕಿದ ನಾರಣಪ್ಪನ ಹೆಣ ಯಾರು ಸುಡಬೇಕು ಅನ್ನುವುದೇ ಇಡೀ ಅಗ್ರಹಾರದ ತಲೆನೋವು. ಹೆಣ ಎತ್ತುವ ತನಕ ಊಟವೂ ಇಲ್ಲ. ಪ್ರಾಣೇಶಾಚಾರ್ಯರು ಗ್ರಂಥ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ. ಬ್ರಾಹ್ಮಣರು ಊರೂರು ಅಲೆಯುತ್ತಾರೆ. ಆದರೆ ನಾರಣಪ್ಪನ ಜೊತೆ ಬಾಳಿದ ಚಂದ್ರಿ ಕತ್ತಲಲ್ಲಿ ಅಹಮದ್ ಬ್ಯಾರಿಯ ಸಹಾಯ ಪಡೆದು ಹೆಣ ಸುಟ್ಟು, ಊರು ಬಿಟ್ಟು ಹೋಗಿಯೇ ಬಿಟ್ಟಿದ್ದಾಳೆ. ಇದನ್ನು ಕೊನೆಯ ಪುಟಕ್ಕೆ ಬಚ್ಚಿಟ್ಟಿದ್ದರೆ ಎಂಥ ಟ್ವಿಸ್ಟ್ ಆಗುತ್ತಿತ್ತು! ಅನಂತಮೂರ್ತಿ ಅದನ್ನು ನಡುವಿನಲ್ಲೇ, ನಮ್ಮ ಕಣ್ಣೆದುರೇ ನಡೆಸಿಬಿಡುತ್ತಾರೆ. ಅಲ್ಲಿಂದ ಮುಂದೆ ಬ್ರಾಹ್ಮಣರು ಇಡುವ ಒಂದೊಂದು ಹೆಜ್ಜೆಯೂ ನಮಗೆ ಬೇರೆ ಥರ ಕಾಣುತ್ತದೆ. ಇಲ್ಲದ ಹೆಣದ ಹೆದರಿಕೆಯಲ್ಲಿ ಒಂದು ಊರೇ ಓಡಾಡುತ್ತಿದೆ, ಅದು ನಮಗೆ ಮಾತ್ರ ಗೊತ್ತು. ಕೊನೆಯ ಒಂದು ಕ್ಷಣದ ಬೆಚ್ಚುವಿಕೆಗಿಂತ ಇದು ಎಷ್ಟೋ ದೊಡ್ಡದು.

ಹಾಗಂತ ಎಲ್ಲವನ್ನೂ ಮೊದಲೇ ಹೇಳಬೇಕು ಅಂತಲ್ಲ. 'ಸಂಸ್ಕಾರ'ದ ಹಾಗೇ 1965ರಲ್ಲಿ ಬಂದ ಭೈರಪ್ಪನವರ 'ವಂಶವೃಕ್ಷ'ದಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುವುದು ಕೊನೆಯ ಹೊತ್ತಿಗೆ. ವಂಶ, ವಂಶ ಅಂತ ಬದುಕಿಡೀ ನೆಚ್ಚಿಕೊಂಡಿದ್ದ ಮನುಷ್ಯ ತಾನೇ ಆ ವಂಶದ ರಕ್ತದವನಲ್ಲ. ಆ ಪೆಟ್ಟು ಬೀಳುವುದು ಸರಿಯಾಗಿ ಅವರು ನಿಂತಿದ್ದ ನೆಲದ ಮೇಲೆ. ಬೇರೆ ಯಾವ ಪಾತ್ರಕ್ಕೆ ಇದೇ ಸುದ್ದಿ ತಿಳಿದರೂ ಕಾದಂಬರಿ ಅಲ್ಲಾಡುತ್ತಿರಲಿಲ್ಲ.

ಈಗ ನಿನ್ನ ಕಥೆಗೆ ಬರೋಣ. ಮೊದಲು ನಾಲ್ಕನೇ ಪುಟದ ಆ ಮಾತು ತೆಗೆ. ಪಕ್ಕದ ಮನೆಯವರು ಬರಲಿ, ಆದರೆ ತಮ್ಮನನ್ನೇ ಕೇಳಲಿ. 'ಒಬ್ಬನೇ ಕೂತಿದ್ದೀಯಲ್ಲೋ, ಊಟ ಆಯ್ತಾ?' ಅಂದರೆ ಸಾಕು. ಅಣ್ಣ ಒಳಗೆ ಹೋಗಿದ್ದಾನೆ ಅಂತ ಓದುಗ ತಾನೇ ಅಂದುಕೊಳ್ಳುತ್ತಾನೆ. ಕಾಫಿ ಲೋಟ ಅಣ್ಣ ಎತ್ತಿ ಕುಡಿದ ಅಂತ ಬರೆದಿದ್ದೀಯ, ಅದು ಬೇಡ. ಆರಿ ಕೆನೆ ಕಟ್ಟಿದ ಲೋಟ ಹಾಗೇ ಇರಲಿ.

ನಿನ್ನ ಕೈಯಲ್ಲೇ ಇರುವ ಒಳ್ಳೆಯ ವಸ್ತುವನ್ನು ನೀನು ಗಮನಿಸಿಲ್ಲ. ಅದು ಆ ಪಾಲುಪತ್ರ. ಅಣ್ಣ ಇಲ್ಲದ ಮೇಲೆ ಅದರಲ್ಲಿ ಅತ್ತಿಗೆಯ, ಮಕ್ಕಳ ಹೆಸರು ಇರಲೇಬೇಕು. ಬಸ್ಸಿನಲ್ಲಿ ಅವನು ಕಾಗದ ತೆಗೆದು ನೋಡುವ ಜಾಗದಲ್ಲಿ ಅತ್ತಿಗೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪು ಟೈಪಾಗಿದೆ, ಅದಕ್ಕೆ ಅವನು ಕಿರಿಕಿರಿ ಮಾಡಿಕೊಳ್ಳುತ್ತಾನೆ ಅಂತ ಬರಿ. ಓದುಗನ ಗಮನ ಆ ತಪ್ಪಿನ ಮೇಲೆ ನಿಲ್ಲುತ್ತದೆ. ಅಣ್ಣನ ಸಹಿಗೆ ಹೊರಟಿದ್ದಾನೆ ಅಂತ ತಾನು ಅಂದುಕೊಂಡವನ ಕಾಗದದಲ್ಲಿ ಅತ್ತಿಗೆಯ ಹೆಸರು ಯಾಕೆ ಅಂತ ಓದುಗ ಆಗ ಕೇಳುವುದಿಲ್ಲ. ಆಮೇಲೆ ಕೇಳಿಕೊಳ್ಳುತ್ತಾನೆ. 'ಅಣ್ಣನ ಸಹಿ ಬೇಕು' ಅನ್ನುವ ಮಾತು ನಿನ್ನ ನಿರೂಪಣೆಯಲ್ಲಿ ಎಲ್ಲೂ ಬರಬಾರದು. ಬರೀ 'ಸಹಿ ಬೇಕು' ಅಂದರೆ ಅದು ನಿಜವೇ.

ಇನ್ನೂ ಒಂದು ಕೆಲಸ ಹೇಳುತ್ತೇನೆ, ಕಷ್ಟದ್ದು. ಇದೇ ಕಥೆಯನ್ನು ಅಣ್ಣ ಸತ್ತ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಿ ಇನ್ನೊಮ್ಮೆ ಬರಿ. ಆಗಲೂ ಜಗಲಿಯ ಮಾತುಕತೆ ನಿಲ್ಲುತ್ತದಾ ನೋಡು. ಪಾಲಿನ ಜಗಳ, ಅಪ್ಪನ ಕಾಯಿಲೆಗೆ ಯಾರು ಎಷ್ಟು ಖರ್ಚು ಮಾಡಿದರು ಅನ್ನುವ ಲೆಕ್ಕ, ಅಣ್ಣ ಫೋನ್ ಮಾಡಿದಾಗ ತಮ್ಮ ಎತ್ತದೇ ಇದ್ದದ್ದು, ಇವೆಲ್ಲ ಈಗ ತುಂಬ ಅವಸರದಲ್ಲಿವೆ. ಕೊನೆಯ ಟ್ವಿಸ್ಟ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಅಂತ ನೀನು ಸುಮ್ನೆ ಅವುಗಳ ಮೇಲೆ ಹಾದು ಹೋಗಿದ್ದೀಯ. ಫೋನಿನ ಆ ಪ್ರಸಂಗಕ್ಕೆ ಒಂದು ಪುಟವಾದರೂ ಕೊಡು.

ಎರಡೂ ಪ್ರತಿ ಕಳಿಸು. ಯಾವುದನ್ನು ಅಚ್ಚಿಗೆ ಕೊಡಬೇಕು ಅಂತ ಆಮೇಲೆ ಕೂತು ಮಾತಾಡೋಣ. ವಿಶೇಷಾಂಕದ ಗಡುವು ಹತ್ತಿರ ಬಂತು ಅಂತ ಅವಸರ ಮಾಡಬೇಡ, ಮುಂದಿನ ವರ್ಷವೂ ವಿಶೇಷಾಂಕ ಬರುತ್ತದೆ.

ಪ್ರೀತಿಯಿಂದ,
ನಿನ್ನ ಅಣ್ಣ