ರಾಜೀನಾಮೆ ಆದಮೇಲಿನ ಸುದ್ದಿ ಎಲ್ಲಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ರಾಜ್ಯದಲ್ಲಿ ಒಬ್ಬ ಶಾಸಕರ ಖಾಸಗಿ ವಿಚಾರ ಬೀದಿಗೆ ಬಂದರೆ ಮೊದಲ ನಾಲ್ಕು ದಿನ ಬೇರೆ ಸುದ್ದಿಗೆ ಜಾಗವೇ ಇರುವುದಿಲ್ಲ. ರಾಜೀನಾಮೆ ಕೊಡ್ತಾರಾ, ಕೊಡಲ್ವಾ ಅನ್ನುವುದೊಂದೇ ಪ್ರಶ್ನೆ. ಕೊಟ್ಟ ದಿನ ಮುಖಪುಟದಲ್ಲಿ ದಪ್ಪಕ್ಷರದ ತಲೆಬರಹ. ಆಮೇಲೆ? ತನಿಖೆ ಎಲ್ಲಿಗೆ ಬಂತು, ದೂರು ಕೊಟ್ಟ ಹೆಣ್ಣುಮಗಳು ಏನಾದಳು, ಕೋರ್ಟ್ ಏನು ಹೇಳಿತು ಅಂತ ಹುಡುಕಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಪುಣ್ಯ. ಆ ನಾಲ್ಕು ಸಾಲಿನ ಬಗ್ಗೆಯೇ ಈ ಪತ್ರ.

ನಾನು ಶಿವಮೊಗ್ಗ ಜಿಲ್ಲೆಯವನು, ಹಾಗಾಗಿ ಹರತಾಳು ಹಾಲಪ್ಪನವರ ವಿಷಯದಿಂದಲೇ ಶುರು ಮಾಡುತ್ತೇನೆ. 2008ರಲ್ಲಿ ಸೊರಬದಲ್ಲಿ ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರ ಇಬ್ಬರು ಮಕ್ಕಳನ್ನೂ ಸೋಲಿಸಿ ಗೆದ್ದವರು ಅವರು. ಆಗ ಅದು ಸಣ್ಣ ಮಾತಾಗಿರಲಿಲ್ಲ. ಯಡಿಯೂರಪ್ಪ ಸರ್ಕಾರದಲ್ಲಿ ಆಹಾರ ಸಚಿವರಾದರು. 2010ರ ಮೇ ತಿಂಗಳಲ್ಲಿ ಸ್ನೇಹಿತರೊಬ್ಬರ ಪತ್ನಿಯ ಮೇಲೆ ಅತ್ಯಾಚಾರ ಎಸಗಿದ ಆರೋಪ ಬಂತು. ಸಚಿವ ಸ್ಥಾನ ಹೋಯಿತು, ಬಂಧನವೂ ಆಯಿತು. ಆಗ ನಮ್ಮ ಕಡೆ ಯಾವ ಹೋಟೆಲಿಗೆ ಹೋದರೂ, ಯಾವ ಬಸ್ಸು ಹತ್ತಿದರೂ ಅದೇ ಮಾತು. ಶಿವಮೊಗ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2017ರ ಆಗಸ್ಟ್‌ನಲ್ಲಿ. ಅಂದರೆ ಏಳು ವರ್ಷ. ಈ ಮಧ್ಯೆ 2013ರ ಚುನಾವಣೆ ಬಂದು ಹೋಯಿತು, ಯಡಿಯೂರಪ್ಪನವರ ಹೊಸ ಪಕ್ಷ ಕೆಜೆಪಿಯಿಂದ ನಿಂತು ಸೋತರು. 2018ರಲ್ಲಿ ಸಾಗರದಲ್ಲಿ ಕಾಗೋಡು ತಿಮ್ಮಪ್ಪನವರಂಥ ಹಿರಿಯರನ್ನು ಸೋಲಿಸಿ ಮತ್ತೆ ವಿಧಾನಸಭೆಗೆ ಬಂದರು. ಸಚಿವ ಸ್ಥಾನ ಮಾತ್ರ ಮತ್ತೆ ಸಿಗಲಿಲ್ಲ, 2023ರಲ್ಲಿ ಸಾಗರವೂ ಕೈತಪ್ಪಿತು.

ನಾನು ಅವರ ಪರವಾಗಿ ಬರೆಯುತ್ತಿಲ್ಲ, ವಿರುದ್ಧವಾಗಿಯೂ ಬರೆಯುತ್ತಿಲ್ಲ. ಕೋರ್ಟ್ ಹೇಳಿದ್ದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೇನೆ. ನನ್ನ ತಕರಾರು ಬೇರೆ. ಆರೋಪ ಬಂದಾಗ ತಿಂಗಳುಗಟ್ಟಲೆ ಬರೆದಿರಿ. ಖುಲಾಸೆ ಆದಾಗ ಅದರ ಹತ್ತರಲ್ಲಿ ಒಂದು ಪಾಲು ಜಾಗವನ್ನಾದರೂ ಕೊಟ್ಟಿರಾ? ಯಾವ ಸಾಕ್ಷ್ಯವನ್ನು ನ್ಯಾಯಾಧೀಶರು ಒಪ್ಪಲಿಲ್ಲ, ತನಿಖೆ ಎಲ್ಲಿ ಎಡವಿತು ಅಂತ ಸಾಮಾನ್ಯ ಓದುಗನಿಗೆ ಅರ್ಥವಾಗುವ ಹಾಗೆ ಯಾರು ಬಿಡಿಸಿ ಬರೆದರು? ಇವತ್ತಿಗೂ ನಮ್ಮೂರಿನ ಕಟಿಂಗ್ ಶಾಪ್‌ನಲ್ಲಿ ಆ ವಿಷಯ ಬಂದರೆ ಅರ್ಧ ಜನ ‘ಅವರಿಗೆ ಶಿಕ್ಷೆ ಆಗಿತ್ತಲ್ವಾ’ ಅನ್ನುತ್ತಾರೆ, ಉಳಿದವರು ‘ಏನೂ ನಡೆದೇ ಇರಲಿಲ್ಲ, ಎಲ್ಲ ರಾಜಕೀಯ’ ಅನ್ನುತ್ತಾರೆ. ಕೋರ್ಟಿನಲ್ಲಿ ನಿಜವಾಗಿ ಏನಾಯಿತು ಅಂತ ಸರಿಯಾಗಿ ಹೇಳಬಲ್ಲವರು ಅಲ್ಲಿ ಒಬ್ಬರೂ ಸಿಗುವುದಿಲ್ಲ. ಆರೋಪ ಹೊತ್ತವರಿಗೂ ಇದು ಅನ್ಯಾಯ, ಏಳು ವರ್ಷ ಕೋರ್ಟಿನ ದಾರಿ ಕಾದ ಆ ಹೆಣ್ಣುಮಗಳಿಗೂ ಅನ್ಯಾಯ.

ಇನ್ನೊಂದು ತರಹದ್ದು 2012ರ ಫೆಬ್ರುವರಿಯದು. ವಿಧಾನಸಭೆ ನಡೆಯುತ್ತಿದ್ದಾಗಲೇ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದಲ್ಲಿ ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್ ಮೂವರೂ ಸಚಿವ ಸ್ಥಾನ ಬಿಡಬೇಕಾಯಿತು. ಆಗ ಪಾಟೀಲರ ಕೈಯಲ್ಲಿ ಇದ್ದದ್ದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆ. ಟಿ.ವಿ. ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯ ದೇಶವಿಡೀ ಓಡಿತು. ಸೇಂಟ್ ಮೇರಿಸ್ ದ್ವೀಪದ ರೇವ್ ಪಾರ್ಟಿ ವಿಷಯದ ಚರ್ಚೆಗೆ ತಯಾರಿ ಮಾಡಿಕೊಳ್ಳುತ್ತಿದ್ದೆ ಅಂತ ಸವದಿಯವರು ವಿವರಣೆ ಕೊಟ್ಟರು. ಸದನ ಸಮಿತಿ ರಚನೆಯಾಯಿತು, ವಿರೋಧ ಪಕ್ಷಗಳು ಅದರಿಂದ ದೂರ ಉಳಿದವು. ಆ ಸಮಿತಿಯ ವರದಿಯಲ್ಲಿ ಏನಿತ್ತು ಅಂತ ನಿಮ್ಮ ಓದುಗರನ್ನು ಕೇಳಿ ನೋಡಿ. ಟಿ.ವಿ. ದೃಶ್ಯ ಎಲ್ಲರಿಗೂ ನೆನಪಿದೆ, ವರದಿ ಯಾರಿಗೂ ನೆನಪಿಲ್ಲ.

ಸವದಿಯವರ ರಾಜಕೀಯವಂತೂ ಅಲ್ಲಿಗೆ ನಿಲ್ಲಲಿಲ್ಲ. ಮರುವರ್ಷವೇ ಅಥಣಿಯಲ್ಲಿ ಗೆದ್ದರು. 2018ರಲ್ಲಿ ಮಹೇಶ ಕುಮಠಳ್ಳಿಯವರ ಎದುರು ಸೋತರು. 2019ರ ಆಗಸ್ಟ್‌ನಲ್ಲಿ ಎರಡೂ ಸದನದ ಸದಸ್ಯರಲ್ಲದಿದ್ದರೂ ಉಪಮುಖ್ಯಮಂತ್ರಿಯಾದರು, ಆಮೇಲೆ ವಿಧಾನ ಪರಿಷತ್ತಿಗೆ ಬಂದರು. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್‌ಗೆ ಹೋಗಿ ಅದೇ ಅಥಣಿಯಲ್ಲಿ ಭಾರಿ ಅಂತರದಲ್ಲಿ ಗೆದ್ದರು. ಸಿ.ಸಿ. ಪಾಟೀಲರು 2013ರಲ್ಲಿ ನರಗುಂದದಲ್ಲಿ ಸೋತರೂ 2018ರಲ್ಲಿ ಗೆದ್ದು, ಬೊಮ್ಮಾಯಿ ಸರ್ಕಾರದಲ್ಲಿ ಲೋಕೋಪಯೋಗಿ ಸಚಿವರಾಗಿದ್ದರು. ಮತದಾರರು ಒಪ್ಪಿ ಗೆಲ್ಲಿಸಿದ್ದಾರೆ, ಅದನ್ನು ನಾನು ಪ್ರಶ್ನೆ ಮಾಡುವುದಿಲ್ಲ. ಅಥಣಿಯ ರೈತ ನೀರಾವರಿ ನೋಡಿ ಓಟು ಹಾಕಿದರೆ ಅದು ಅವನ ಹಕ್ಕು. ಆದರೆ ಎಲ್ಲ ತಿಳಿದು ಗೆಲ್ಲಿಸುವುದು ಬೇರೆ, ಮರೆತು ಗೆಲ್ಲಿಸುವುದು ಬೇರೆ. ಸವದಿಯವರಿಗಂತೂ ಬಿಜೆಪಿ, ಕಾಂಗ್ರೆಸ್ ಎರಡೂ ಬಾಗಿಲು ತೆರೆದವು. ಆಗ ಆ ಪಕ್ಷಗಳನ್ನು ಗಟ್ಟಿಯಾಗಿ ನಿಲ್ಲಿಸಿ ಕೇಳಬೇಕಾದವರು ಪತ್ರಿಕೆಯವರು.

‘ಇದೆಲ್ಲ ಖಾಸಗಿ, ಪತ್ರಿಕೆಗೆ ಯಾಕೆ’ ಅನ್ನುವ ವಾದವೂ ಇದೆ. ಅದಕ್ಕೆ ನಾನು ಪೂರ್ತಿ ವಿರೋಧಿಯಲ್ಲ. ಇಬ್ಬರು ವಯಸ್ಕರು ಒಪ್ಪಿ ಬದುಕುವ ವಿಚಾರ ನಮಗೆ ಬೇಡ, ಅದನ್ನು ಬರೆಯಲೇಬೇಡಿ. ಆದರೆ ರಮೇಶ ಜಾರಕಿಹೊಳಿಯವರ ಮೇಲೆ 2021ರ ಮಾರ್ಚ್‌ನಲ್ಲಿ ಬಂದ ಆರೋಪ ಕೆಲಸ ಕೊಡಿಸುವ ನೆಪದಲ್ಲಿ ಯುವತಿಯನ್ನು ಬಳಸಿಕೊಂಡರು ಅನ್ನುವುದು. ಅದು ಮಂತ್ರಿಯ ಕುರ್ಚಿಗೆ ಸಂಬಂಧಪಟ್ಟ ಪ್ರಶ್ನೆ. ಆಗ ಹೊರಬಂದ ವಿಡಿಯೊ ನಕಲಿ ಅಂತ ಅವರು ಹೇಳಿದರು, ಜಲಸಂಪನ್ಮೂಲ ಖಾತೆ ಬಿಟ್ಟರು. ಅದೇ ವಾರ ಆರು ಸಚಿವರು ತಮ್ಮ ವಿರುದ್ಧ ಮಾನಹಾನಿಯ ಸುದ್ದಿ ಬಾರದಂತೆ ಕೋರ್ಟಿನಿಂದ ತಡೆಯಾಜ್ಞೆ ತಂದರು. ಆರೋಗ್ಯ ಸಚಿವರಾಗಿದ್ದ ಸುಧಾಕರ್ ಅವರು ಎಲ್ಲ ಶಾಸಕರ ಬಗ್ಗೆಯೂ ತನಿಖೆ ಆಗಲಿ, ಯಾರು ಏಕಪತ್ನೀವ್ರತಸ್ಥರು ಗೊತ್ತಾಗಲಿ ಅಂದರು. ಅಲ್ಲಿಗೆ ಚರ್ಚೆಯೇ ದಾರಿ ತಪ್ಪಿತು. ಅಧಿಕಾರ ದುರ್ಬಳಕೆ ಆಯಿತೋ ಇಲ್ಲವೋ ಅನ್ನುವುದು ಹಿಂದೆ ಸರಿದು, ಯಾರ ಸಂಸಾರ ಹೇಗಿದೆ ಅನ್ನುವುದು ಮುಂದೆ ಬಂತು. 2022ರ ಫೆಬ್ರುವರಿಯಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಬಿ ರಿಪೋರ್ಟ್, ಅಂದರೆ ಕೇಸು ಮುಗಿಸಿ ಅಂತ ಕೋರ್ಟಿಗೆ ಕೊಡುವ ವರದಿ, ಹಾಕಿತು, 2023ರಲ್ಲಿ ಅವರು ಗೋಕಾಕದಲ್ಲಿ ಮತ್ತೆ ಗೆದ್ದರು. ಬಿ ರಿಪೋರ್ಟ್ ಅಂದರೆ ಏನು, ದೂರುದಾರರಿಗೆ ಅದನ್ನು ಪ್ರಶ್ನಿಸುವ ಹಕ್ಕು ಇದೆಯಾ, ಅದನ್ನು ಒಪ್ಪಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು ಅನ್ನುವುದನ್ನು ಆ ದಿನ ಒಂದು ಚೌಕ ಹಾಕಿ ಹೇಳಿದ್ದರೆ ಎಷ್ಟು ಜನಕ್ಕೆ ಉಪಯೋಗವಾಗುತ್ತಿತ್ತು!

ಚುನಾವಣೆ ಬಂದಾಗ ಎಲ್ಲ ಗೊತ್ತಾಗುತ್ತೆ, ಅಫಿಡವಿಟ್ ಇದೆಯಲ್ಲ ಅನ್ನಬಹುದು. 2018ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಕೇಸುಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. 2023ರಲ್ಲಿ ನಾನು ಅವನ್ನು ಹುಡುಕಿ ಹುಡುಕಿ ಓದಿದೆ. ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ ಜಾಹೀರಾತುಗಳ ಮಧ್ಯೆ ಒಂದು ಕೋಷ್ಟಕ. ಒಂದು ಕಾಲಂನಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್. ಇನ್ನೊಂದರಲ್ಲಿ ಐಪಿಸಿ ಸೆಕ್ಷನ್‌ಗಳ ಉದ್ದ ಸಾಲು. ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ, ‘ಇದೇನು ಲಾಟರಿ ನಂಬರಾ ಮಗಾ’ ಅಂದರು. ಅವರು ನಿಜವಾಗಿಯೂ ಹಾಗಂದುಕೊಂಡೇ ಕೇಳಿದ್ದು. ಇನ್ನೂ ಮುಖ್ಯವಾದದ್ದು, ಆ ಕೋಷ್ಟಕದಲ್ಲಿ ಬರುವುದು ಬಾಕಿ ಇರುವ ಕೇಸು ಮತ್ತು ಶಿಕ್ಷೆಯಾದ ಕೇಸು ಮಾತ್ರ. ಖುಲಾಸೆಯಾದದ್ದು ಅಲ್ಲಿ ಇರುವುದಿಲ್ಲ. ಬಿ ರಿಪೋರ್ಟ್ ಒಪ್ಪಿಗೆಯಾಗಿ ಮುಗಿದದ್ದೂ ಇರುವುದಿಲ್ಲ. ಸದನದೊಳಗೆ ನಡೆದು ಕೋರ್ಟ್ ಮೆಟ್ಟಿಲನ್ನೇ ಹತ್ತದ್ದಂತೂ ಇರುವ ಪ್ರಶ್ನೆಯೇ ಇಲ್ಲ. ಹಾಗಾದರೆ ಇವೆಲ್ಲ ಮತದಾರನಿಗೆ ತಿಳಿಯಬೇಕಾದರೆ ಪತ್ರಿಕೆ ಬಿಟ್ಟು ಬೇರೆ ಯಾರಿದ್ದಾರೆ ಹೇಳಿ.

ವಿಚಾರಣೆ ನಿಧಾನ, ನಾವೇನು ಮಾಡೋಣ ಅನ್ನಬೇಡಿ. ಶಾಸಕರು, ಸಂಸದರ ಮೇಲಿನ ಗಂಭೀರ ಕೇಸುಗಳಲ್ಲಿ ದೋಷಾರೋಪ ಹೊರಿಸಿದ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಮನಸ್ಸು ಮಾಡಿದರೆ ಅದು ಆಗುತ್ತೆ ಕೂಡ. ಪ್ರಜ್ವಲ್ ರೇವಣ್ಣ ಶಾಸಕರಲ್ಲ, ಆಗ ಹಾಸನದ ಸಂಸದರು, ಆದರೂ ಅವರ ಮೇಲಿನ ಅತ್ಯಾಚಾರದ ಕೇಸು ಇಲ್ಲಿ ಹೇಳಲೇಬೇಕು. 2024ರ ಮೇ ಕೊನೆಯಲ್ಲಿ ಬಂಧನ, 2025ರ ಆಗಸ್ಟ್ 2ಕ್ಕೆ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಜೀವಾವಧಿ ಶಿಕ್ಷೆ. ದೂರು ಕೊಟ್ಟದ್ದು ಮನೆಗೆಲಸ ಮಾಡುತ್ತಿದ್ದ ಒಬ್ಬ ಮಹಿಳೆ. ಅವರ ಸೀರೆಯ ಮೇಲೆ ಸಿಕ್ಕ ಡಿಎನ್‌ಎ ದೊಡ್ಡ ಸಾಕ್ಷಿಯಾಯಿತು. ಮೇಲ್ಮನವಿಯ ಹಾದಿ ಇದ್ದೇ ಇದೆ, ಅದು ಬೇರೆ ಮಾತು. ಆದರೆ ಸುಮಾರು ಹದಿನಾಲ್ಕು ತಿಂಗಳಲ್ಲಿ ಒಂದು ತೀರ್ಪು ಬಂತಲ್ಲ! ಹಾಲಪ್ಪನವರ ಕೇಸಿಗೆ ಹಿಡಿದದ್ದು ಏಳು ವರ್ಷ.

ಅದೇ ಹಾಸನದ ಪ್ರಕರಣದಲ್ಲಿ ಹೆಣ್ಣುಮಕ್ಕಳ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೂರು ತಿರುಗಿದಾಗ ಆ ಹೆಣ್ಣುಮಕ್ಕಳ ಪಾಡು ಏನಾಗಿರಬೇಕು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಇಂಥ ಕೇಸಲ್ಲಿ ಸಂತ್ರಸ್ತೆಯ ಗುರುತು ಬಹಿರಂಗ ಮಾಡುವುದು ಅಪರಾಧ ಅಂತ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಮುಖ ಮಸುಕು ಮಾಡಿ, ಆಮೇಲೆ ಊರು, ಮನೆ, ಅಪ್ಪ ಅಮ್ಮನ ಮಾತು ಎಲ್ಲ ತೋರಿಸಿದರೆ ಸುತ್ತ ಹತ್ತು ಹಳ್ಳಿಯಲ್ಲಿ ಯಾರಿಗೆ ಗೊತ್ತಾಗುವುದಿಲ್ಲ? ಶಾಸಕರಿಗೆ ಐದು ವರ್ಷಕ್ಕೊಮ್ಮೆ ಇನ್ನೊಂದು ಚುನಾವಣೆ ಬರುತ್ತದೆ. ಬಿಟ್ಟ ಊರಿಗೆ, ಬಿಟ್ಟ ಕೆಲಸಕ್ಕೆ ಮರಳಲು ಆ ಹೆಣ್ಣುಮಗಳಿಗೆ ಅಂಥ ಯಾವ ಅವಕಾಶವೂ ಇಲ್ಲ. ದಯವಿಟ್ಟು ಇದನ್ನು ಸುಮ್ನೆ ಓದಿ ಬಿಡಬೇಡಿ, ನಿಮ್ಮ ಸಂಪಾದಕೀಯ ಸಭೆಯಲ್ಲಿ ಮಾತಾಡಿ.

ನನ್ನ ಕೋರಿಕೆ ಇಷ್ಟು. ತಿಂಗಳಿಗೊಮ್ಮೆ ನಿಮ್ಮ ಪತ್ರಿಕೆಯಲ್ಲಿ ‘ಕೇಸು ಎಲ್ಲಿಗೆ ಬಂತು’ ಅಂತ ಕಾಲು ಪುಟದ ಅಂಕಣ ಶುರು ಮಾಡಿ. ಯಾವ ಶಾಸಕರ ಮೇಲಿನ ಆರೋಪ ತನಿಖೆಯಲ್ಲಿದೆ, ಯಾವುದು ಕೋರ್ಟಿನಲ್ಲಿದೆ, ಎಷ್ಟು ಸಲ ಮುಂದಕ್ಕೆ ಹೋಯಿತು, ಯಾಕೆ ಹೋಯಿತು, ಯಾವುದು ಖುಲಾಸೆ, ಯಾವುದಕ್ಕೆ ಬಿ ರಿಪೋರ್ಟ್ ಅಂತ ಪಕ್ಷ ನೋಡದೆ ಬರೆಯಿರಿ. ನಿರ್ದೋಷಿ ಅಂತ ತೀರ್ಪು ಬಂದರೆ ಆರೋಪ ಬಂದಾಗ ಎಷ್ಟು ಜಾಗ ಕೊಟ್ಟಿದ್ದಿರೋ ಅಷ್ಟೇ ಜಾಗ ಕೊಡಿ. ಇದಕ್ಕೆ ಖರ್ಚು ಜಾಸ್ತಿ ಇಲ್ಲ. ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಕೇಸ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ, ಜಿಲ್ಲೆಗೊಬ್ಬ ಕೋರ್ಟ್ ವರದಿಗಾರರು ನಿಮ್ಮಲ್ಲಿ ಈಗಾಗಲೇ ಇದ್ದಾರೆ. 2028ರ ಚುನಾವಣೆಗೆ ಇನ್ನೂ ಸಮಯವಿದೆ, ಈಗಲೇ ಶುರು ಮಾಡಿದರೆ ಆ ಹೊತ್ತಿಗೆ ಪ್ರತಿ ಕ್ಷೇತ್ರದ ಲೆಕ್ಕವೂ ಓದುಗರ ಕೈಯಲ್ಲಿರುತ್ತದೆ.

ಇತಿ,
ನಿಮ್ಮ ಓದುಗ,
ಶಿವಮೊಗ್ಗ ಜಿಲ್ಲೆ