ಮೊದಲು ಮೀಟರ್ ಹಾಕಿಸಿ: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ದಾಂಡೇಲಿಯ ಕಾಗದ, ಬಿಣಗಾದ ಕಾಸ್ಟಿಕ್ ಸೋಡಾ, ಹಳಿಯಾಳದ ಸಕ್ಕರೆ. ಜಿಲ್ಲೆಯಲ್ಲಿ ಇಂಧನ ಹೆಚ್ಚು ಬೇಡುವ ಉದ್ದಿಮೆಗಳು ಯಾವುವೆಂದು ತಮಗೆ ಹೇಳಬೇಕಾಗಿಲ್ಲ. ಇಂಥ ಕಡೆ ಕರೆಂಟು, ಉಗಿ ಉಳಿಸಲು ಸರ್ಕಾರಿ–ಖಾಸಗಿ ಸಹಭಾಗಿತ್ವ ಬೇಕು ಎಂದಾಗಲೆಲ್ಲ ಮಾತು ಹೊಸ ಯಂತ್ರ, ಸಬ್ಸಿಡಿಗಳತ್ತಲೇ ಹೊರಳುತ್ತದೆ. ಯಂತ್ರಕ್ಕೆ ಖಾಸಗಿಯವರು ಹಣ ಹಾಕಿಯಾರು. ಅಳತೆಯ ಹೊಣೆಯನ್ನು ಸರ್ಕಾರ ಹೊರಲಿ ಎಂಬುದು ನಮ್ಮ ಕೋರಿಕೆ.

ಎಸ್ಕೊ ಎಂಬ ಇಂಧನ ಸೇವಾ ಕಂಪನಿ ತನ್ನ ಖರ್ಚಿನಲ್ಲಿ ಉಪಕರಣ ಕೂರಿಸಿ, ಇಂಧನ ಉಳಿತಾಯದಿಂದ ಮಿಕ್ಕ ಹಣದಲ್ಲಿ ಪಾಲು ಪಡೆಯುತ್ತದೆ. ಒಪ್ಪಂದದಲ್ಲಿ ಎಲ್ಲವೂ ಚೆಂದ, ಜಗಳ ಹುಟ್ಟುವುದು ಮೊದಲ ಬಿಲ್ಲಿನಲ್ಲಿ. ಉತ್ಪಾದನೆ ಕುಸಿದು ಬಿಲ್ ಇಳಿದರೆ ಎಸ್ಕೊ ಅದನ್ನೂ ಉಳಿತಾಯವೆನ್ನುತ್ತದೆ. ಟನ್ನಿಗೆಷ್ಟು ಯೂನಿಟ್ ಎಂದು ಲೆಕ್ಕ ಹಾಕಿದರೂ ತಂಟೆ ತಪ್ಪದು: ದೀಪ, ಫ್ಯಾನು, ಕೂಲಿಂಗ್ ಟವರಿನ ಖರ್ಚು ಉತ್ಪಾದನೆಯೊಂದಿಗೆ ಅಷ್ಟಾಗಿ ಇಳಿಯುವುದಿಲ್ಲ, ಹಾಗಾಗಿ ಕಡಿಮೆ ಟನ್ ತೆಗೆದ ತಿಂಗಳಲ್ಲಿ ಟನ್ನಿನ ಲೆಕ್ಕ ಏರಿಬಿಡುತ್ತದೆ. ಹನ್ನೆರಡು ತಿಂಗಳ ಟನ್ ಮತ್ತು ಯೂನಿಟ್ಟುಗಳನ್ನು ಗ್ರಾಫಿನಲ್ಲಿಟ್ಟು ಎಳೆದ ಗೆರೆಯೇ ಬೇಸ್‌ಲೈನ್, ಅಂದರೆ ಉಳಿತಾಯವನ್ನು ಹೋಲಿಸಿ ನೋಡುವ ಆಧಾರ ಆಗಬೇಕು. ಬರೀ ಮಳೆಗಾಲದ ಎರಡು ತಿಂಗಳ ಅಂಕಿ ನಂಬಬಾರದು. ಆಗ ಕಲ್ಲಿದ್ದಲು, ಬಗಾಸ್ (ಕಬ್ಬಿನ ಸಿಪ್ಪೆ) ಎಲ್ಲವೂ ಒದ್ದೆ.

ಉಗಿಯನ್ನಂತೂ ಅಳೆಯುವವರೇ ಕಡಿಮೆ. ಮೀಟರ್ ಇದ್ದರೂ ಕೊಳವೆ ತಿರುಗುವ ಬೆಂಡಿನ ಪಕ್ಕ ಕೂರಿಸಿರುತ್ತಾರೆ. ಹರಿವು ಅಳೆಯುವ ವೋರ್ಟೆಕ್ಸ್ ಮೀಟರಿಗೆ ಉಗಿ ಬರುವ ಬದಿಯಲ್ಲಿ ಕೊಳವೆಯ ವ್ಯಾಸದ ಸುಮಾರು 20 ಪಟ್ಟು ನೇರ ಉದ್ದ ಬಿಡದಿದ್ದರೆ ಅದು ತೋರಿಸುವ ಅಂಕಿಗೆ ಅರ್ಥವಿಲ್ಲ.

ಅಳತೆ ಸರಿಯಾದರೆ ಉಳಿತಾಯ ಕಣ್ಣಿಗೇ ಕಾಣುತ್ತದೆ. ಸ್ಟೀಮ್ ಟ್ರ್ಯಾಪ್ ಎಂದರೆ ಉಗಿಯನ್ನು ತಡೆದು, ಉಗಿ ತಣಿದು ಆದ ನೀರನ್ನು (ಕಂಡೆನ್ಸೇಟ್) ಮಾತ್ರ ಹೊರಬಿಡುವ ಕವಾಟ. ತೆರೆದೇ ಕಚ್ಚಿಕೊಂಡ ಟ್ರ್ಯಾಪ್ ಜೀವಂತ ಉಗಿಯನ್ನು ಕಂಡೆನ್ಸೇಟ್ ಲೈನಿಗೆ ಸುರಿಯುತ್ತಿರುತ್ತದೆ. ಕಂಡೆನ್ಸೇಟನ್ನು ಮರಳಿಸಿ ಬಾಯ್ಲರ್ ನೀರು 6 ಡಿಗ್ರಿ ಬಿಸಿಯಾದರೂ ಇಂಧನ ಸುಮಾರು ಶೇ. 1 ಉಳಿಯುತ್ತದೆ. ನಮ್ಮ ಮಳೆಗೆ ಹೊರಗಿನ ಕೊಳವೆಗೆ ಶಾಖ ಹೋಗದಂತೆ ಸುತ್ತಿದ ರಾಕ್‌ವೂಲ್ ನೆನೆದರೆ ಇದ್ದೂ ಇಲ್ಲದಂತೆ. ಮೇಲಿನ ಅಲ್ಯೂಮಿನಿಯಂ ತಗಡಿನ ಕೂಡು ಕೆಳಮುಖವಾಗಿರಬೇಕು ಎಂಬಷ್ಟನ್ನೂ ಟೆಂಡರಿನಲ್ಲಿ ಬರೆಯುವುದಿಲ್ಲ. ಯಂತ್ರಗಳು ನಿಂತ ದಿನ ಗಾಳಿಯ ಕಂಪ್ರೆಸರ್ ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ಆಗಿ ಗಾಳಿ ತುಂಬಿತೆನ್ನಿ, ಅದರ ಸಾಮರ್ಥ್ಯದ ಶೇ. 30 ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಈ ಪರೀಕ್ಷೆಗೆ ಕೈಗಡಿಯಾರ ಸಾಕು.

ಮೋಟರಿನ ವೇಗವನ್ನು ಬೇಕಾದಂತೆ ಇಳಿಸುವ ವಿಎಫ್‌ಡಿ ಸಾಧನದ ಬಗ್ಗೆ ಒಂದು ಎಚ್ಚರಿಕೆ. ಸುತ್ತಿಬರುವ ನೀರಿನ ಪಂಪಿನ ವೇಗ ಶೇ. 20 ಇಳಿಸಿದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ನಿಜ. ಎತ್ತರದ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಆ ಲೆಕ್ಕ ಹೊಂದದು. ಕಡಲ ಬದಿಯಲ್ಲಿ ಪ್ಯಾನೆಲಿನೊಳಗೆ ಉಪ್ಪುಗಾಳಿ ಹೊಕ್ಕರೆ ವಿಎಫ್‌ಡಿಯ ಎಲೆಕ್ಟ್ರಾನಿಕ್ ಕಾರ್ಡು ಬೇಗ ಹಾಳು.

2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ರಾಜ್ಯದಲ್ಲಿ ಹೊಣೆ ಹೊತ್ತಿರುವುದು ಕ್ರೆಡಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ). ಅದರ ಮೂಲಕ ಮೀಟರಿನ ವೆಚ್ಚದಲ್ಲಿ ಪಾಲು ಕೊಡಿಸಿ. ಎರಡೂ ಕಡೆಗೆ ಸೇರದ, ಮಾನ್ಯತೆ ಪಡೆದ ಎನರ್ಜಿ ಆಡಿಟರ್ ಬೇಸ್‌ಲೈನಿಗೆ ಸಹಿ ಹಾಕಲಿ. ಉಳಿತಾಯದ ಹಣ ನೇರ ಎಸ್ಕ್ರೊ ಖಾತೆಗೆ, ಅಂದರೆ ಮೂರನೆಯವರ ವಶದಲ್ಲಿರುವ ಖಾತೆಗೆ ಬೀಳಲಿ. ಪಾಲು ಬಾರದೆ ಸೊರಗಿದ ಎಸ್ಕೊ ಟ್ರ್ಯಾಪ್ ರಿಪೇರಿಗೆ ಬರುವುದಿಲ್ಲ. ಟ್ರ್ಯಾಪಿನ ತಪಾಸಣೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂಬ ಷರತ್ತೂ ಒಪ್ಪಂದದಲ್ಲಿರಲಿ.

ಇದನ್ನು ಮುಂದಿನ ಕೆಡಿಪಿ ಸಭೆಯಲ್ಲೇ ಎತ್ತಿಕೊಳ್ಳಿ. ಉಗಿ ಕೊಳವೆ ಕತ್ತರಿಸಿ ಮೀಟರ್ ಕೂರಿಸಲು ಬಾಯ್ಲರ್ ನಿಲ್ಲಬೇಕು. ವಾರ್ಷಿಕ ಶಟ್‌ಡೌನ್ ಕೈತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಇಂತಿ,
ಉತ್ತರ ಕನ್ನಡದ ಇಂಧನ ಲೆಕ್ಕಪರಿಶೋಧಕರು ಮತ್ತು ಸ್ಥಾವರ ಎಂಜಿನಿಯರುಗಳು