ತರುವವಳು ನೀನಾಗಬೇಡ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಮುಚ್ಚಿಡದೆ ಹೇಳಿದೆಯಲ್ಲ, ಅದಕ್ಕೇ ಈ ಕಾಗದ. ಬೈಯುವುದಕ್ಕಲ್ಲ. "ನಾನು ಗಾಂಜಾ ಸೇದಲ್ಲ ಅಪ್ಪಾ. ಎಲ್ಲರೂ ನನ್ನ ನಂಬರಿಗೆ ದುಡ್ಡು ಹಾಕ್ತಾರೆ, ಸೇದೋ ಗೆಳತಿ ಜೊತೆ ಹೋಗಿ ತರ್ತೀನಿ ಅಷ್ಟೆ" ಅಂದೆ. ಆ "ಅಷ್ಟೆ" ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನನ್ನ ಕೈಗೂ ಗಾಂಜಾ ಬಂದದ್ದು ಗೆಳೆಯನಿಂದಲೇ. ಮೈಸೂರಿನ ಹಾಸ್ಟೆಲ್ಲಿನ ತಾರಸಿ, ನೀರಿನ ಟ್ಯಾಂಕಿನ ಹಿಂದೆ ನಾವು ನಾಲ್ಕು ಜನ. ನನ್ನ ರೂಮ್‌ಮೇಟ್ ಬೀಡಿಯ ತಂಬಾಕು ಉದುರಿಸಿ, ಅಂಗೈಯಲ್ಲಿ ಸೊಪ್ಪು ತಿಕ್ಕಿ ತುಂಬುತ್ತಿದ್ದ. ಮೊದಲ ದಮ್ಮು ನನಗೇ ಕೊಡುತ್ತಿದ್ದ. ನನಗೆ ಜ್ವರ ಬಂದಾಗ ಮೆಸ್ಸಿನಿಂದ ಗಂಜಿ ತಂದು ಕುಡಿಸಿದವನೂ ಅವನೇ. ನಾವು ತಲೆಗೆ ಹತ್ತು ರೂಪಾಯಿ ಹಾಕುತ್ತಿದ್ದೆವು, ಅವನು ಹೋಗಿ ತರುತ್ತಿದ್ದ. ಒಂದು ಪೈಸೆ ಇಟ್ಟುಕೊಂಡವನಲ್ಲ. ಅವನನ್ನು ಮಾರುವವನು ಅಂತ ಯಾರು ಅಂದುಕೊಳ್ಳುತ್ತಾರೆ?

ಪೊಲೀಸರು ಅಂದುಕೊಂಡರು. ಜೇಬಿನಲ್ಲಿ ನಾಲ್ಕು ಪೊಟ್ಟಣ ಸಿಕ್ಕಿದ್ದವು. ಅವನು ನಮ್ಮ ಹೆಸರು ಬಾಯಿ ಬಿಡಲಿಲ್ಲ. ನಾವು ಸ್ಟೇಷನ್ ಕಡೆ ತಲೆ ಹಾಕಲಿಲ್ಲ. ಅವರಪ್ಪ ಬಂದು ಟ್ರಂಕನ್ನು ಮೆಟ್ಟಿಲ ಮೇಲೆ ದರದರ ಎಳೆದುಕೊಂಡು ಇಳಿಯುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಕೈ ಕೊಡೋಕೂ ಹೋಗಲಿಲ್ಲ.

ಕಾನೂನು ಇವತ್ತಿಗೂ ಹಾಗೇ ಇದೆ ಪುಟ್ಟಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದಿದರೆ 27ನೇ ಕಲಂ, 6 ತಿಂಗಳವರೆಗೆ ಜೈಲು. ಕೊಂಡರೆ, ಇಟ್ಟುಕೊಂಡರೆ, ಸಾಗಿಸಿದರೆ 20ನೇ ಕಲಂ. 1 ಕೆಜಿಗಿಂತ ಕಡಿಮೆ ಇದ್ದರೂ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಾಭಕ್ಕೆ ತಂದೆಯೋ ಸ್ನೇಹಕ್ಕೆ ತಂದೆಯೋ ಅಂತ ಬೇರೆ ಕಲಂ ಇಲ್ಲ. ಸೇದದ ನಿನಗೇ ಸೇದುವವರಿಗಿಂತ ಜಾಸ್ತಿ ಶಿಕ್ಷೆ! ನಮ್ಮ ಕಾಲದಲ್ಲಿ ಚಿಲ್ಲರೆ ದುಡ್ಡು, ಗುರುತು ಉಳಿಯುತ್ತಿರಲಿಲ್ಲ. ನಿನ್ನ ಫೋನಿನಲ್ಲಿ ಒಬ್ಬೊಬ್ಬರ ಹೆಸರು, ತಾರೀಕು ಸಮೇತ ಎಲ್ಲ ಇರುತ್ತೆ.

ಆ ಗೆಳತಿಯ ಸ್ನೇಹ ಬಿಡು ಅಂತ ನಾನು ಹೇಳಲ್ಲ. ಬೆಳಗ್ಗೆ ಎದ್ದ ಕೂಡಲೇ ಬೇಕು ಅಂತಾಳೆ ಅಂದೆಯಲ್ಲ, ಈಗಲೇ ಅವಳಿಗೆ ಜೊತೆ ಬೇಕಾಗಿರೋದು. ದುಡ್ಡು ಕೂಡಿಸೋದು, ತರೋದು ಇವತ್ತೇ ನಿಲ್ಲಿಸು. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗ ಇದೆ. ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡುತ್ತಾರೆ. ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಹೋದರೆ ಕೇಸಿನಿಂದ ಉಳಿಸುವ 64ಎ ಕಲಂ ಕೂಡ ಅದೇ ಕಾಯ್ದೆಯಲ್ಲಿದೆ. ಇದನ್ನು ಅವಳಿಗೆ ಹೇಳು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಅಮ್ಮ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಡುತ್ತಾಳೆ. ಅವಳನ್ನೂ ಊಟಕ್ಕೆ ಕರೆದುಕೊಂಡು ಬಾ.

ನಿನ್ನ
ಅಪ್ಪ